ಬಾಡಿಗೆ ಜೈಲು: ನಾರ್ಗರ್‌ಹಾವನ್‌ನಲ್ಲಿ ನಾರ್ವೆಯ ಮೂರು ವರ್ಷ

ನೆದರ್ಲ್ಯಾಂಡ್ಸ್‌ನ ಉತ್ತರಕ್ಕೆ ಡ್ರೆಂಟೆ ಎಂಬ ಪ್ರಾಂತ್ಯವಿದೆ. ಅಲ್ಲಿನ ವೇನ್‌ಹೌಜನ್ ಎಂಬ ಹಳ್ಳಿಯಲ್ಲಿ ನಾರ್ಗರ್‌ಹಾವನ್ ಎಂಬ ಜೈಲು. 2015ರ ಸೆಪ್ಟೆಂಬರ್ 1ರಿಂದ ಅದು ನಾರ್ವೆಯ ಜೈಲಾಯಿತು. ಗೋಡೆ ಡಚ್ಚರದ್ದು, ಬೀಗ ಡಚ್ಚರದ್ದು, ಕೀಲಿಕೈ ಹಿಡಿದು ಓಡಾಡುವ ಸಿಬ್ಬಂದಿಯೂ ಡಚ್ಚರೇ. ಆದರೆ ಒಳಗೆ ಬಂದ ಕೈದಿಗಳಿಗೆ ಶಿಕ್ಷೆ ಕೊಟ್ಟಿದ್ದು ನಾರ್ವೆಯ ನ್ಯಾಯಾಲಯಗಳು. ಆ ಶಿಕ್ಷೆ ಹೇಗೆ ನಡೆಯಬೇಕು ಅಂತ ಹೇಳುತ್ತಿದ್ದುದು ನಾರ್ವೆಯ ಕಾನೂನು. ಜೈಲಿನ ಮುಖ್ಯಸ್ಥರಾಗಿ ಬಂದ ಕಾರ್ಲ್ ಹಿಲ್ಲೆಸ್‌ಲಾಂಡ್ ಕೂಡ ನಾರ್ವೆಯವರು.

ಒಟ್ಟು 242 ಜಾಗ. ವರ್ಷಕ್ಕೆ ಸುಮಾರು 2 ಕೋಟಿ 55 ಲಕ್ಷ ಯೂರೊ ಬಾಡಿಗೆ. ಮೂರು ವರ್ಷದ ಒಪ್ಪಂದ, ಬೇಕಾದರೆ ಮುಂದುವರಿಸಬಹುದು ಅನ್ನುವ ಷರತ್ತು. 2018ರ ಸೆಪ್ಟೆಂಬರ್‌ನಲ್ಲಿ ನಾರ್ವೆ ಕೀಲಿಕೈ ವಾಪಸ್ ಕೊಟ್ಟಿತು.

ಪತ್ರಿಕೆಗಳು ಇದನ್ನು ಒಂದು ವಿಚಿತ್ರ ಸುದ್ದಿಯಂತೆ ಬರೆದವು. ಒಂದು ದೇಶದಲ್ಲಿ ಕೈದಿಗಳೇ ಇಲ್ಲ, ಇನ್ನೊಂದು ದೇಶದಲ್ಲಿ ಜಾಗವೇ ಇಲ್ಲ, ಇಬ್ಬರೂ ಕೈ ಕುಲುಕಿದರು, ಕಥೆ ಮುಗಿಯಿತು. ನನಗೆ ಹಾಗನ್ನಿಸುವುದಿಲ್ಲ. ಒಂದು ದೇಶದ ಜೈಲು ವ್ಯವಸ್ಥೆ ಅಂದರೆ ನಿಜಕ್ಕೂ ಏನು, ಅದರಲ್ಲಿ ಯಾವ ಭಾಗವನ್ನು ಕಳಚಿ ಬೇರೆ ಕಡೆಗೆ ಸಾಗಿಸಬಹುದು, ಯಾವುದನ್ನು ಆಗುವುದಿಲ್ಲ ಅನ್ನುವುದು ಇಷ್ಟು ಸ್ಪಷ್ಟವಾಗಿ ಕಾಣುವ ಪ್ರಕರಣ ನನಗೆ ಬೇರೆ ಸಿಕ್ಕಿಲ್ಲ.

ಜೈಲಿನ ಹೊರಗೆ ನಿಂತ ಸಾಲು

2014ರ ಹೊತ್ತಿಗೆ ನಾರ್ವೆಯ ಜನಸಂಖ್ಯೆ ಸುಮಾರು 51 ಲಕ್ಷ. ಜೈಲಿನಲ್ಲಿದ್ದವರು ಸುಮಾರು 3,700 ಜನ. ಲೆಕ್ಕ ಹಾಕಿದರೆ ಯುರೋಪಿನ ಕಡಿಮೆ ಪ್ರಮಾಣಗಳಲ್ಲಿ ಒಂದು. ಹಾಗಿದ್ದರೂ ಜಾಗದ ಕೊರತೆ ಬಂದಿದ್ದು ಯಾಕೆ?

ಬೇರೆ ಎಷ್ಟೋ ದೇಶಗಳಲ್ಲಿ ಕೈದಿಗಳು ಹೆಚ್ಚಾದರೆ ಒಂದು ಸೆಲ್‌ನಲ್ಲಿ ಇಬ್ಬರನ್ನು, ಮೂವರನ್ನು ತುಂಬುತ್ತಾರೆ. ನಾರ್ವೆಯಲ್ಲಿ ಒಂದು ಸೆಲ್‌ಗೆ ಒಬ್ಬರು ಅನ್ನುವುದು ಸಾಮಾನ್ಯ ಪದ್ಧತಿ. ಇಬ್ಬರನ್ನು ಹಾಕುವುದು ಅಪರೂಪ. ಹಾಗಾಗಿ ಒತ್ತಡ ಜೈಲಿನ ಒಳಗೆ ಕಾಣುವುದಿಲ್ಲ, ಹೊರಗೆ ಕಾಣುತ್ತದೆ. ಶಿಕ್ಷೆಯಾದ ವ್ಯಕ್ತಿಯಿಂದ ಅಪಾಯ ಇಲ್ಲ ಅಂತಾದರೆ ಅವನು ತೀರ್ಪು ಕೇಳಿ ಮನೆಗೆ ಹೋಗುತ್ತಾನೆ. ಇಂಥ ದಿನ ಇಂಥ ಜೈಲಿಗೆ ಬಾ ಅಂತ ಪತ್ರ ಬರುವವರೆಗೆ ಕಾಯುತ್ತಾನೆ. ಹೀಗೆ ಕಾಯುವವರ ಸಾಲಿಗೆ ನಾರ್ವೆಯಲ್ಲಿ ಒಂದು ಹೆಸರೇ ಇದೆ, 'ಸೂನಿಂಗ್ಸ್‌ಕೂ'. ಶಿಕ್ಷೆ ಅನುಭವಿಸಲು ನಿಂತ ಕ್ಯೂ ಅಂತ ಅರ್ಥ. ಆ ಸಾಲಿನಲ್ಲಿ ಆಗ ಸುಮಾರು 1,300 ಶಿಕ್ಷೆಗಳು ಬಾಕಿ ಇದ್ದವು.

ಕೇಳುವುದಕ್ಕೆ ಇದು ಕೈದಿಗೆ ಲಾಭ ಅನ್ನಿಸಬಹುದು. ಆದರೆ ಶಿಕ್ಷೆಯ ಪತ್ರ ಯಾವಾಗ ಬರುತ್ತದೋ ಗೊತ್ತಿಲ್ಲದ ಮನುಷ್ಯ ಹೊಸ ಕೆಲಸ ಹಿಡಿಯಲಾರ, ಓದಿಗೆ ಸೇರಲಾರ, ಮನೆಯವರಿಗೆ ಒಂದು ಮಾತು ಕೊಡಲಾರ. ತಪ್ಪು ಮಾಡಿದ್ದು ಒಂದು ವರ್ಷ, ಜೈಲಿಗೆ ಹೋಗುವುದು ಇನ್ಯಾವುದೋ ವರ್ಷ. ಅನ್ಯಾಯಕ್ಕೆ ಒಳಗಾದವರಿಗೂ ಇದರಿಂದ ನೆಮ್ಮದಿ ಇಲ್ಲ.

ಇನ್ನೊಂದು ಕಡೆ ಪೊಲೀಸ್ ಲಾಕಪ್‌ಗಳು. ಬಂಧಿಸಿದವರನ್ನು ಎರಡು ದಿನದೊಳಗೆ ಲಾಕಪ್‌ನಿಂದ ಜೈಲಿಗೆ ಕಳಿಸಬೇಕು ಅಂತ ನಿಯಮವಿದೆ. ಜೈಲಿನಲ್ಲಿ ಜಾಗ ಇಲ್ಲದಾಗ ಜನ ಲಾಕಪ್‌ನಲ್ಲೇ ಉಳಿಯುತ್ತಿದ್ದರು. ಬರೀ ಗೋಡೆಯ, ಏನೂ ಇಲ್ಲದ ಕೋಣೆ, ಒಂಟಿಯಾಗಿ. 2014ರಲ್ಲಿ ಓಸ್ಲೊದ ನ್ಯಾಯಾಲಯವೊಂದು ಇಂಥ ಒಂದು ಪ್ರಕರಣದಲ್ಲಿ ಸರ್ಕಾರದಿಂದ ಮಾನವ ಹಕ್ಕು ಉಲ್ಲಂಘನೆಯಾಗಿದೆ ಅಂತ ತೀರ್ಪು ಕೊಟ್ಟಿತು.

ಮೂರನೆಯ ತೊಂದರೆ ಕಟ್ಟಡಗಳದ್ದು. ನಾರ್ವೆಯ ಜೈಲು ಅಂದರೆ ನಮಗೆ ಹಾಲ್ಡನ್ ಜೈಲಿನ ಫೋಟೊಗಳು ನೆನಪಾಗುತ್ತವೆ. 2010ರಲ್ಲಿ ತೆರೆದಿದ್ದು, ಮರಗಳ ನಡುವೆ, ಚೆಂದದ ಕೋಣೆಗಳು. ಅದು ಒಂದು ಜೈಲು ಮಾತ್ರ. ಓಸ್ಲೊ ಜೈಲಿನ ಹಳೆಯ ಭಾಗ ಬೂತ್ಸ್‌ಫೆಂಗ್ಸೆಲ್ 1851ರದ್ದು. ಅದರ ಸ್ಥಿತಿ ಎಷ್ಟು ಕೆಟ್ಟಿತ್ತು ಅಂದರೆ 2017ರಲ್ಲಿ ಅದನ್ನು ಮುಚ್ಚಲೇಬೇಕಾಯಿತು. ದೇಶದ ಎಷ್ಟೋ ಜೈಲುಗಳಲ್ಲಿ ವರ್ಷಗಟ್ಟಲೆ ಮುಂದೂಡಿದ ರಿಪೇರಿ ಕೆಲಸ ಬಾಕಿ ಬಿದ್ದಿತ್ತು. ರಿಪೇರಿ ಮಾಡಬೇಕಾದರೆ ಕೋಣೆ ಖಾಲಿ ಮಾಡಬೇಕು. ಖಾಲಿ ಮಾಡಿದವರನ್ನು ಎಲ್ಲಿಡಬೇಕು?

ಆಗ ನ್ಯಾಯಮಂತ್ರಿಯಾಗಿದ್ದ ಆಂಡರ್ಸ್ ಅನುಂಡ್ಸನ್ ದಕ್ಷಿಣದ ಕಡೆ ನೋಡಿದರು.

ನಾರ್ವೆಯ ಜೈಲು ಇಲಾಖೆ ನಿಂತಿರುವುದು ಹೇಗೆ

ಒಪ್ಪಂದದ ಕಡೆ ಹೋಗುವ ಮೊದಲು ಇದನ್ನು ಹೇಳಲೇಬೇಕು. ಇದು ತಿಳಿಯದಿದ್ದರೆ ಮುಂದೆ ಆಗಿದ್ದು ಅರ್ಥವಾಗುವುದಿಲ್ಲ.

ಇಲಾಖೆಯ ಹೆಸರು 'ಕ್ರಿಮಿನಾಲ್‌ಓಮ್‌ಸೋರ್ಗನ್'. 'ಓಮ್‌ಸೋರ್ಗ್' ಅಂದರೆ ಆರೈಕೆ. ಹೆಸರಿನಲ್ಲೇ ಆರೈಕೆ ಇಟ್ಟುಕೊಂಡ ಜೈಲು ಇಲಾಖೆ. ಮೇಲೆ ನ್ಯಾಯ ಸಚಿವಾಲಯ, ಅದರ ಕೆಳಗೆ 2013ರಲ್ಲಿ ಶುರುವಾದ ಒಂದು ನಿರ್ದೇಶನಾಲಯ, ಅದರ ಕೆಳಗೆ ಐದು ಪ್ರಾದೇಶಿಕ ಕಚೇರಿಗಳು, ಆಮೇಲೆ ಜೈಲುಗಳು. ಜೈಲುಗಳಲ್ಲಿ ಹೆಚ್ಚಿನವು ಸಣ್ಣವು, ದೇಶದ ಉದ್ದಗಲಕ್ಕೆ ಚದುರಿಕೊಂಡಿವೆ. ಕೈದಿಯನ್ನು ಸಾಧ್ಯವಾದಷ್ಟು ಅವನ ಮನೆಗೆ ಹತ್ತಿರ ಇಡಬೇಕು ಅನ್ನುವುದು ಇಲ್ಲಿನ ನಿಯಮ.

ಜೈಲುಗಳಲ್ಲಿ ಹಂತಗಳಿವೆ. ಎತ್ತರದ ಗೋಡೆ, ಬಿಗಿ ಬಂದೋಬಸ್ತು ಇರುವವು ಒಂದು ಬಗೆ. ಗೋಡೆಯೇ ಇಲ್ಲದ, ಕಡಿಮೆ ಬಂದೋಬಸ್ತಿನವು ಇನ್ನೊಂದು. ಬಾಸ್ಟೊಯ್ ದ್ವೀಪದ ಜೈಲು ಈ ಬಗೆಯದು. ಬಿಡುಗಡೆಗೆ ಮುಂಚೆ ಹಗಲು ಹೊರಗೆ ದುಡಿದು ರಾತ್ರಿ ಬಂದು ಮಲಗುವ ಮನೆಗಳೂ ಇವೆ. 2008ರಿಂದ ಕಾಲಿಗೆ ಎಲೆಕ್ಟ್ರಾನಿಕ್ ಪಟ್ಟಿ ಕಟ್ಟಿ, ಚಿಕ್ಕ ಶಿಕ್ಷೆಯನ್ನು ಸ್ವಂತ ಮನೆಯಲ್ಲೇ ಮುಗಿಸುವ ಏರ್ಪಾಡೂ ಬಂತು. ಕೈದಿ ಒಂದು ಹಂತದಿಂದ ಇನ್ನೊಂದಕ್ಕೆ ಇಳಿಯುತ್ತಾ ಹೊರಲೋಕಕ್ಕೆ ಹತ್ತಿರವಾಗಬೇಕು. ಬಿಗಿ ಜೈಲಿನಿಂದ ಒಂದೇ ಸಲ ಬೀದಿಗೆ ಬಿಡಬಾರದು ಅನ್ನುವುದು ಇದರ ಹಿಂದಿನ ಯೋಚನೆ.

ಜೈಲು ಸಿಬ್ಬಂದಿಗೆ ಎರಡು ವರ್ಷದ ಓದು ಇದೆ. ಸಂಬಳ ಕೊಟ್ಟು ಓದಿಸುತ್ತಾರೆ. ಪ್ರತಿ ಕೈದಿಗೂ ಒಬ್ಬ ಸಂಪರ್ಕ ಅಧಿಕಾರಿ. ಅರ್ಜಿ ಬರೆಯುವುದಾಗಲಿ, ಬಿಡುಗಡೆಯಾದ ಮೇಲೆ ಎಲ್ಲಿರಬೇಕು ಅನ್ನುವುದಾಗಲಿ, ಕೈದಿ ಮೊದಲು ಹೋಗುವುದು ಅವರ ಹತ್ತಿರ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು 'ಆಮದು ಮಾದರಿ'. ಜೈಲಿನ ಡಾಕ್ಟರು ಜೈಲಿನ ನೌಕರರಲ್ಲ. ಆ ಊರಿನ ಪುರಸಭೆ ಊರಿನ ಜನರಿಗೆ ಡಾಕ್ಟರನ್ನು ಕೊಡುವ ಹಾಗೆಯೇ ಕೈದಿಗೂ ಕೊಡುತ್ತದೆ. ಟೀಚರ್ ಬರುವುದು ಶಿಕ್ಷಣ ಇಲಾಖೆಯ ಕಡೆಯಿಂದ. ಗ್ರಂಥಾಲಯ ಊರಿನದ್ದು, ಪಾದ್ರಿ ಚರ್ಚಿನವರು. ಹೊರಗಿನ ಸಮಾಜವೇ ಒಳಗೆ ಬರುತ್ತದೆ. ಇದರಲ್ಲಿ ಎರಡು ಒಳ್ಳೆಯದಿದೆ. ಕೈದಿಗೆ ಸಿಗುವ ಡಾಕ್ಟರು ಕೀಲಿಕೈ ಹಿಡಿದವರ ಕೈಕೆಳಗಿನವರಲ್ಲ. ಮತ್ತೆ, ಬಿಡುಗಡೆಯಾದ ದಿನ ಅದೇ ಪುರಸಭೆ, ಅದೇ ಕಚೇರಿಗಳು ಹೊರಗೂ ಇರುತ್ತವೆ. ಸ್ವಾತಂತ್ರ್ಯ ಕಳೆದುಕೊಳ್ಳುವುದೇ ಶಿಕ್ಷೆ, ಬೇರೆ ಯಾವ ಹಕ್ಕನ್ನೂ ಶಿಕ್ಷೆ ಕಿತ್ತುಕೊಂಡಿಲ್ಲ ಅನ್ನುವ ತತ್ವ ಇಲ್ಲಿ ಸುಮ್ನೆ ಕಾಗದದ ಮೇಲಿನ ಮಾತಾಗಿ ಉಳಿದಿಲ್ಲ.

ಒಂದು ಚಿಕ್ಕ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಾರ್ವೆಯ ಜೈಲು ಕಟ್ಟಡಗಳು ಜೈಲು ಇಲಾಖೆಯ ಸ್ವಂತದ್ದಲ್ಲ. ಸರ್ಕಾರಿ ಕಟ್ಟಡಗಳನ್ನು ನೋಡಿಕೊಳ್ಳುವ ಸ್ಟಾಟ್ಸ್‌ಬಿಗ್ ಅನ್ನುವ ಸಂಸ್ಥೆಯದ್ದು. ಇಲಾಖೆ ಬಾಡಿಗೆ ಕೊಟ್ಟು ಇರುತ್ತದೆ. ಅಂದರೆ ಲೆಕ್ಕದ ಪುಸ್ತಕದ ಪ್ರಕಾರ ಇಲಾಖೆ ಮೊದಲಿನಿಂದಲೂ ಬಾಡಿಗೆದಾರನೇ. ಇನ್ನೊಬ್ಬ ಮಾಲೀಕನಿಂದ ಇನ್ನೊಂದು ಕಟ್ಟಡ ಬಾಡಿಗೆಗೆ ತೆಗೆದುಕೊಳ್ಳುವುದು ಅಷ್ಟೇನೂ ದೊಡ್ಡ ಹೆಜ್ಜೆ ಅನ್ನಿಸದೇ ಇದ್ದದ್ದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ನನ್ನ ಊಹೆ.

ಖಾಲಿ ಸೆಲ್‌ಗಳ ದೇಶ

ನೆದರ್ಲ್ಯಾಂಡ್ಸ್ ಕಥೆ ಇದಕ್ಕೆ ಪೂರ್ತಿ ಉಲ್ಟಾ. 2000ದ ಮೊದಲ ವರ್ಷಗಳಲ್ಲಿ ಅಲ್ಲಿ ಜೈಲುಗಳು ಕಿಕ್ಕಿರಿದಿದ್ದವು. ಹೊಸ ಜಾಗಗಳನ್ನು ಬೇಗಬೇಗ ಮಾಡಿದರು. 2005ರ ನಂತರ ಕೈದಿಗಳ ಸಂಖ್ಯೆ ಇಳಿಯಲು ಶುರುವಾಯಿತು. ದಾಖಲಾಗುವ ಅಪರಾಧ ಕಡಿಮೆಯಾಯಿತು. ನ್ಯಾಯಾಲಯಗಳು ಸಮಾಜಸೇವೆಯಂಥ ಶಿಕ್ಷೆಗಳನ್ನು ಜಾಸ್ತಿ ಬಳಸಿದವು. ಕಟ್ಟಿದ ಜಾಗ ಹಾಗೇ ಉಳಿಯಿತು, ತುಂಬುವವರು ಇಲ್ಲ.

ಅಲ್ಲಿನ ಜೈಲು ಇಲಾಖೆಯ ಹೆಸರು ಡಿಜೆಐ. ಅದು ಕೆಲವು ವರ್ಷ ಈ ಖಾಲಿ ಜಾಗವನ್ನು ಪಕ್ಕದ ಬೆಲ್ಜಿಯಂಗೆ ಬಾಡಿಗೆಗೆ ಕೊಟ್ಟಿತು. ಟಿಲ್‌ಬರ್ಗ್ ಜೈಲಿನಲ್ಲಿ 2010ರಿಂದ 2016ರವರೆಗೆ ಬೆಲ್ಜಿಯಂನ ಕೈದಿಗಳಿದ್ದರು. ಮೊದಲು 500, ಆಮೇಲೆ 650 ಜಾಗ. ಹಾಗಾಗಿ ನಾರ್ವೆ ಬಂದಾಗ ಡಚ್ಚರಿಗೆ ಈ ವ್ಯವಹಾರ ಹೊಸದೇನಲ್ಲ.

2013ರಲ್ಲಿ ಡಚ್ ಸರ್ಕಾರ ಖರ್ಚು ಕಡಿತದ ದೊಡ್ಡ ಯೋಜನೆ ಮುಂದಿಟ್ಟಿತು. ಒಂದರ ಮೇಲೊಂದು ಜೈಲು ಮುಚ್ಚಬೇಕು. ಸಾವಿರಾರು ಜನರ ಕೆಲಸ ಹೋಗುವ ಭಯ. ರೂರ್ಮಂಡ್‌ನ ಹಳೆಯ ಜೈಲು ಅದಕ್ಕೂ ಮುಂಚೆಯೇ ಹೋಟೆಲ್ ಆಗಿತ್ತು. ಹಾರ್ಲೆಂನ ಗುಮ್ಮಟದ ಜೈಲಿನಲ್ಲಿ ಆಮೇಲೆ ಸ್ವಲ್ಪ ಕಾಲ ನಿರಾಶ್ರಿತರು ತಂಗಿದ್ದರು. ನಗರದಲ್ಲಾದರೆ ಹೀಗೆ ಏನಾದರೂ ಒಂದು ದಾರಿ ಸಿಗುತ್ತದೆ. ವೇನ್‌ಹೌಜನ್‌ನಂಥ ಊರಿಗೆ?

ಈ ಊರು ಹುಟ್ಟಿದ್ದೇ ಜನರನ್ನು ಕೂಡಿಡಲು. 1823ರಲ್ಲಿ 'ಪರೋಪಕಾರ ಸಂಘ' ಎಂಬ ಸಂಸ್ಥೆ ಇಲ್ಲಿನ ಜೌಗು ನೆಲದಲ್ಲಿ ಭಿಕ್ಷುಕರಿಗೆ, ಅನಾಥ ಮಕ್ಕಳಿಗೆ ದೊಡ್ಡ ವಸತಿಗಳನ್ನು ಕಟ್ಟಿಸಿತು. ಬಡವರನ್ನು ದುಡಿಮೆಯಿಂದ ತಿದ್ದಬಹುದು ಅನ್ನುವ ನಂಬಿಕೆ ಅವರದ್ದು. 1859ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು. ಬರಬರುತ್ತಾ ಅದು ಜೈಲುಗಳ ಊರಾಯಿತು. 1984ರವರೆಗೆ ಹೊರಗಿನವರಿಗೆ ಈ ಊರಿನೊಳಗೆ ಪ್ರವೇಶವೇ ಇರಲಿಲ್ಲ. ಸಿಬ್ಬಂದಿಯ ಮನೆಗಳ ಮೇಲೆ ಇವತ್ತಿಗೂ 'ದುಡಿ, ಪ್ರಾರ್ಥಿಸು', 'ಶಿಸ್ತು ಮತ್ತು ಕಟ್ಟುಪಾಡು' ಅಂತ ದೊಡ್ಡ ಅಕ್ಷರಗಳಲ್ಲಿ ಬರೆದಿರುವುದು ಕಾಣುತ್ತದೆ. ಅಪ್ಪ ಜೈಲಿನಲ್ಲಿ ಕೆಲಸ ಮಾಡಿದ, ಮಗನೂ ಅಲ್ಲೇ ಮಾಡುತ್ತಾನೆ ಅನ್ನುವಂಥ ಊರು. ಅಲ್ಲಿ ಜೈಲು ಮುಚ್ಚಿದರೆ ಊರಿನ ಬದುಕೇ ಅಲುಗಾಡುತ್ತದೆ.

ಹಾಗಾಗಿ ನಾರ್ವೆಯ ಬೇಡಿಕೆ ಆ ಊರಿಗೆ ಉಸಿರಾಡಲು ಸಿಕ್ಕ ಜಾಗ. ಆದರೆ ಅದಕ್ಕೂ ಒಬ್ಬರು ಬೆಲೆ ತೆರಬೇಕಾಯಿತು. ನಾರ್ಗರ್‌ಹಾವನ್ ಆಗ ಖಾಲಿ ಇರಲಿಲ್ಲ. ದೀರ್ಘ ಶಿಕ್ಷೆಯ ಡಚ್ ಕೈದಿಗಳು ಅಲ್ಲಿದ್ದರು. ಅಲ್ಲಿ ದೊಡ್ಡ ಅಂಗಳವಿದೆ, ಹಳೆಯ ಮರಗಳಿವೆ, ಕೈದಿಗಳೇ ತರಕಾರಿ ಬೆಳೆಯುವ ತೋಟವಿದೆ. ವರ್ಷಗಟ್ಟಲೆ ಒಳಗೆ ಇರಬೇಕಾದವರಿಗೆ ಅಂಥ ಅಂಗಳ ಎಷ್ಟು ದೊಡ್ಡದು ಅಂತ ಹೇಳಬೇಕಾಗಿಲ್ಲ, ಅಲ್ವಾ? ನಾರ್ವೆಯವರಿಗೆ ಜಾಗ ಮಾಡಿಕೊಡಲು ಇವರನ್ನು ಬೇರೆ ಜೈಲುಗಳಿಗೆ ಕಳಿಸಿದರು. ಅವರು ವಿರೋಧಿಸಿದರು. ಎರಡೂ ದೇಶಕ್ಕೆ ಲಾಭ ಅಂತ ಹೇಳುವಾಗ ಈ ಜನರನ್ನು ಲೆಕ್ಕಕ್ಕೆ ಹಿಡಿದವರು ಕಡಿಮೆ.

ಯಾರ ಕೈಯಲ್ಲಿ ಏನು

2015ರ ಮಾರ್ಚ್ 2ರಂದು ಅನುಂಡ್ಸನ್ ಮತ್ತು ಡಚ್ ಸರ್ಕಾರದ ಕಾರ್ಯದರ್ಶಿ ದರ್ಜೆಯ ಮಂತ್ರಿ ಫ್ರೆಡ್ ತೇವನ್ ಒಪ್ಪಂದಕ್ಕೆ ಸಹಿ ಹಾಕಿದರು. ನಾರ್ವೆಯ ಸಂಸತ್ತು ಸ್ಟೋರ್ಟಿಂಗ್, ಶಿಕ್ಷೆಯನ್ನು ಬೇರೆ ದೇಶದಲ್ಲಿ ಅನುಭವಿಸಲು ಅವಕಾಶ ಕೊಡುವಂತೆ ಶಿಕ್ಷೆ ಜಾರಿಯ 2001ರ ಕಾನೂನಿಗೆ ತಿದ್ದುಪಡಿ ತಂದಿತು. ನಾರ್ವೆಯ ಜೈಲು ನೌಕರರ ಸಂಘಗಳಿಗೆ ಇದು ಹಿಡಿಸಲಿಲ್ಲ. ಆ ಹಣವನ್ನು ಇಲ್ಲೇ ಖರ್ಚು ಮಾಡಿ ಅನ್ನುವುದು ಅವರ ವಾದ.

ಒಪ್ಪಂದದ ಒಳಗಿನ ಹಂಚಿಕೆ ಹೀಗಿತ್ತು. ಶಿಕ್ಷೆಯ ಅವಧಿ, ರಜೆ, ಬಿಡುಗಡೆ, ಶಿಸ್ತು ಕ್ರಮ, ಈ ಬಗೆಯ ತೀರ್ಮಾನಗಳು ನಾರ್ವೆಯ ಕಾನೂನಿನ ಪ್ರಕಾರ, ನಾರ್ವೆಯ ಮುಖ್ಯಸ್ಥರ ಕೈಯಲ್ಲಿ. ಅವರ ಜೊತೆ ನಾರ್ವೆಯ ಕೆಲವೇ ಕೆಲವು ಅಧಿಕಾರಿಗಳು. ಉಳಿದ ಸಿಬ್ಬಂದಿ ಡಿಜೆಐ ನೌಕರರಾಗಿಯೇ ಉಳಿದರು, ಡಚ್ ನೌಕರಿ ನಿಯಮಗಳ ಅಡಿಯಲ್ಲಿ. ಜೈಲಿನೊಳಗೆ ಯಾರಾದರೂ ಅಪರಾಧ ಮಾಡಿದರೆ ಅದು ಡಚ್ ಕಾನೂನಿಗೆ, ಡಚ್ ಪೊಲೀಸರಿಗೆ ಸೇರಿದ್ದು. ಯಾಕೆಂದರೆ ನೆಲ ಡಚ್ಚರದ್ದು. ಬಿಡುಗಡೆ ಹತ್ತಿರವಾದಾಗ ಕೈದಿಯನ್ನು ನಾರ್ವೆಗೆ ವಾಪಸ್ ಕರೆದುಕೊಂಡು ಹೋಗಬೇಕು.

ಒಂದು ಜಾಗಕ್ಕೆ ವರ್ಷಕ್ಕೆ ಬಿದ್ದ ಖರ್ಚು ಲೆಕ್ಕ ಹಾಕಿದರೆ ಸುಮಾರು 1 ಲಕ್ಷ 5 ಸಾವಿರ ಯೂರೊ. ದಿನಕ್ಕೆ 290 ಯೂರೊಗೆ ಹತ್ತಿರ. ಇದರಲ್ಲಿ ಸಿಬ್ಬಂದಿಯೂ ಸೇರಿದ್ದಾರೆ. ಹಣದ ದೃಷ್ಟಿಯಿಂದ ಮಾತ್ರ ನೋಡಿದರೆ ನಾರ್ವೆಗೆ ಇದು ಕೆಟ್ಟ ವ್ಯಾಪಾರವಲ್ಲ. ಹೊಸ ಜೈಲು ಕಟ್ಟಲು ವರ್ಷಗಳು ಬೇಕು. ಇಲ್ಲಿ ಸಹಿ ಹಾಕಿದ ಆರು ತಿಂಗಳಿಗೆ 242 ಜಾಗ ಸಿಕ್ಕಿತು.

ಯಾರನ್ನು ಕಳಿಸಬೇಕು? ಮನೆಯವರು ಭೇಟಿಗೆ ಬರುವುದು ಕಡಿಮೆ ಇರುವವರನ್ನು, ಶಿಕ್ಷೆ ಸಾಕಷ್ಟು ಉಳಿದಿರುವವರನ್ನು, ಶಿಕ್ಷೆ ಮುಗಿದ ಮೇಲೆ ದೇಶದಿಂದ ಹೊರಹಾಕಬೇಕಾದ ವಿದೇಶಿಯರನ್ನು. ಆ ಕಾಲಕ್ಕೆ ನಾರ್ವೆಯ ಕೈದಿಗಳಲ್ಲಿ ಸುಮಾರು ಮೂರರಲ್ಲಿ ಒಬ್ಬರು ವಿದೇಶಿಯರೇ. ಹಾಗಾಗಿ ನಾರ್ಗರ್‌ಹಾವನ್‌ನಲ್ಲಿ ಹಲವು ದೇಶಗಳ ಜನ ಕೂಡಿದರು.

ಒಳಗಿನ ಬದುಕು

ಮೊದಮೊದಲು ತಾವಾಗಿಯೇ ಕೇಳಿಕೊಂಡು ಬಂದವರು ಇದ್ದರು. ಅದರಲ್ಲಿ ಆಶ್ಚರ್ಯವಿಲ್ಲ. ಹೊರಗೆ ಓಡಾಡಲು ದೊಡ್ಡ ಜಾಗ, ಸ್ವಂತ ಅಡುಗೆ ಮಾಡಿಕೊಳ್ಳುವ ಅವಕಾಶ. ಡಚ್ ಸಿಬ್ಬಂದಿಗೂ ಒಳ್ಳೆಯ ಹೆಸರಿತ್ತು. ಕೈದಿಗಳ ಜೊತೆ ಸಲೀಸಾಗಿ ಬೆರೆಯುತ್ತಾರೆ, ತಾಳ್ಮೆ ಇದೆ ಅಂತ. ದೀರ್ಘ ಶಿಕ್ಷೆಯವರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ ಅನುಭವ ಅವರದ್ದು.

ಭಾಷೆ ಇಂಗ್ಲಿಷ್. ಸಿಬ್ಬಂದಿಯ ಮಾತೃಭಾಷೆಯೂ ಅದಲ್ಲ, ಹೆಚ್ಚಿನ ಕೈದಿಗಳದ್ದೂ ಅಲ್ಲ. ದಿನದ ಮಾತುಕತೆಗೆ ಇದು ಸಾಕು. ಆದರೆ ಮನಸ್ಸು ಕುಸಿದು ಕೂತವನು ಹೇಳಬೇಕಾದ್ದನ್ನು ಮೂರನೆಯ ಭಾಷೆಯಲ್ಲಿ ಹೇಳಬಲ್ಲನೇ? ಇತ್ತ ಡಚ್ ಸಿಬ್ಬಂದಿ ತಮ್ಮ ನೆಲದಲ್ಲೇ ಬೇರೆ ದೇಶದ ನಿಯಮ ಕಲಿಯಬೇಕಾಯಿತು. ಎಷ್ಟೋ ವರ್ಷ ಒಂದು ರೀತಿ ಕೆಲಸ ಮಾಡಿದ ಕೈ ಇನ್ನೊಂದು ರೀತಿಗೆ ಹೊಂದಿಕೊಳ್ಳುವುದು ಸುಲಭವಲ್ಲ.

ಮನೆಯವರ ಭೇಟಿಗೆ ಸಮುದ್ರ ದಾಟಿ ಬರಬೇಕು. ಅದಕ್ಕೆ ವಿಡಿಯೊ ಕರೆಯ ಏರ್ಪಾಡು ಮಾಡಿದರು. ಪರದೆಯ ಮೇಲೆ ಮಗುವಿನ ಮುಖ ನೋಡುವುದು ಏನೂ ಇಲ್ಲದ್ದಕ್ಕಿಂತ ಒಳ್ಳೆಯದು. ಆದರೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ಹಾಗೆ ಅಲ್ಲ.

ಆಮದು ಮಾದರಿ ಇಲ್ಲಿಗೆ ಬರಲಿಲ್ಲ. ಬರುವ ಹಾಗೂ ಇರಲಿಲ್ಲ. ನಾರ್ವೆಯ ಯಾವ ಪುರಸಭೆ ಡ್ರೆಂಟೆಗೆ ಡಾಕ್ಟರನ್ನು ಕಳಿಸುತ್ತದೆ? ನೆದರ್ಲ್ಯಾಂಡ್ಸ್‌ನ ಪದ್ಧತಿಯಲ್ಲಿ ಜೈಲಿನ ವೈದ್ಯಕೀಯ ವಿಭಾಗ ಜೈಲು ಇಲಾಖೆಯದ್ದೇ. ನಾರ್ವೆಯ ಕೈದಿಗಳಿಗೂ ಅದೇ ಸಿಕ್ಕಿತು. ಬಿಡುಗಡೆಯ ನಂತರದ ಮನೆ, ಕೆಲಸ, ಸಹಾಯಧನ ಇವುಗಳ ಬಗ್ಗೆ ಮಾತಾಡಬೇಕಾದ ನಾರ್ವೆಯ ಕಚೇರಿಗಳು ಅಲ್ಲಿರಲಿಲ್ಲ. ಹಂತ ಹಂತವಾಗಿ ಹೊರಲೋಕಕ್ಕೆ ಇಳಿಯುವ ಮೆಟ್ಟಿಲೂ ಅಲ್ಲಿರಲಿಲ್ಲ. ಅದಕ್ಕೇ ತಾನೇ ಕೊನೆಗೆ ವಾಪಸ್ ಕರೆದುಕೊಂಡು ಹೋಗಬೇಕಾಗಿದ್ದು? ಆದರೆ ನಾರ್ವೆಯ ವ್ಯವಸ್ಥೆಯಲ್ಲಿ ಬಿಡುಗಡೆಯ ತಯಾರಿ ಕೊನೆಯ ಕೆಲವು ವಾರದ ಕೆಲಸವಲ್ಲ. ಒಳಗೆ ಕಾಲಿಟ್ಟ ದಿನದಿಂದ ಶುರುವಾಗಬೇಕಾದದ್ದು.

ಕಾಲ ಕಳೆದಂತೆ ತಾವಾಗಿ ಬರುವವರು ಸಾಲದಾದರು. ಒಪ್ಪಿಗೆ ಇಲ್ಲದವರನ್ನೂ ಕಳಿಸಲು ಶುರುವಾಯಿತು. ಇಷ್ಟಪಟ್ಟು ಬಂದವನಿಗೆ ವಿಡಿಯೊ ಕರೆ ಒಂದು ಅನುಕೂಲ, ಇಷ್ಟವಿಲ್ಲದೆ ಬಂದವನಿಗೆ ಅದು ದೂರವನ್ನು ದಿನವೂ ನೆನಪಿಸುವ ಪರದೆ.

ಓಂಬುಡ್ಸ್‌ಮನ್ ಕೇಳಿದ ಒಂದು ಪ್ರಶ್ನೆ

ನಾರ್ವೆ 2013ರಲ್ಲಿ ಚಿತ್ರಹಿಂಸೆ ತಡೆಯ ಅಂತರರಾಷ್ಟ್ರೀಯ ಒಪ್ಪಂದವೊಂದಕ್ಕೆ ಬದ್ಧವಾಯಿತು. ಅದರಂತೆ ಜೈಲು, ಲಾಕಪ್, ಮಾನಸಿಕ ಆಸ್ಪತ್ರೆ ಇಂಥ ಕಡೆ ಹೋಗಿ ಪರಿಶೀಲಿಸುವ ಕೆಲಸ, ಸರ್ಕಾರಿ ಕಚೇರಿಗಳ ಮೇಲಿನ ದೂರು ವಿಚಾರಿಸುವ ಸಂಸತ್ತಿನ ಓಂಬುಡ್ಸ್‌ಮನ್ ಕಚೇರಿಗೆ ಬಂತು. 2016ರ ಸೆಪ್ಟೆಂಬರ್‌ನಲ್ಲಿ ಆ ತಂಡ ನಾರ್ಗರ್‌ಹಾವನ್‌ಗೆ ಹೋಯಿತು.

ಇಲ್ಲಿ ನಿಧಾನವಾಗಿ ಯೋಚಿಸಬೇಕು. ಒಬ್ಬ ಸಿಬ್ಬಂದಿ ಕೈದಿಯ ಮೇಲೆ ಕೈ ಮಾಡಿದ ಅಂತಿಟ್ಟುಕೊಳ್ಳಿ. ನಾರ್ವೆಯ ಜೈಲಿನಲ್ಲಾದರೆ ನಾರ್ವೆಯ ಪೊಲೀಸರು ತನಿಖೆ ಮಾಡುತ್ತಾರೆ, ನಾರ್ವೆಯ ನ್ಯಾಯಾಲಯ ವಿಚಾರಿಸುತ್ತದೆ. ನಾರ್ಗರ್‌ಹಾವನ್‌ನಲ್ಲಿ? ಸಿಬ್ಬಂದಿ ಡಚ್ ನೌಕರ, ನೆಲ ಡಚ್. ನಾರ್ವೆಯ ಪೊಲೀಸರು ಅಲ್ಲಿಗೆ ಹೋಗಿ ತನಿಖೆ ಶುರು ಮಾಡುವಂತಿಲ್ಲ. ಆದರೆ ಆ ಮನುಷ್ಯನನ್ನು ಅಲ್ಲಿಗೆ ಕಳಿಸಿದ್ದು ನಾರ್ವೆ. ಚಿತ್ರಹಿಂಸೆಯಿಂದ ಅವನನ್ನು ಕಾಯುವ ಹೊಣೆಯೂ ನಾರ್ವೆಯದ್ದೇ. ಹೊಣೆ ಇದೆ, ಅದನ್ನು ನಿಭಾಯಿಸುವ ಅಧಿಕಾರ ಇಲ್ಲ.

ಓಂಬುಡ್ಸ್‌ಮನ್ ವರದಿ ಹೇಳಿದ್ದು ಇದನ್ನೇ. ಕೈದಿಗಳಿಗೆ ಚಿತ್ರಹಿಂಸೆ ಮತ್ತು ಅಮಾನವೀಯ ವರ್ತನೆಯಿಂದ ಸಾಕಷ್ಟು ರಕ್ಷಣೆ ಸಿಗುವಂತೆ ನಾರ್ವೆಯ ಅಧಿಕಾರಿಗಳು ನೋಡಿಕೊಂಡಿಲ್ಲ ಅಂತ. ಇದನ್ನು ತಪ್ಪಾಗಿ ಓದಬಾರದು. ಅಲ್ಲಿ ಚಿತ್ರಹಿಂಸೆ ನಡೆಯಿತು ಅಂತ ಅವರು ಹೇಳಲಿಲ್ಲ. ನಡೆದರೆ ಕಾಯುವ ಏರ್ಪಾಡಿನಲ್ಲಿ ತೂತು ಇದೆ ಅಂದರು.

ಸಿಬ್ಬಂದಿ ಒಳ್ಳೆಯವರಾದ್ದರಿಂದ ಈ ತೂತು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನನ್ನನ್ನು ತುಂಬ ಕಾಡುವುದು ಇದೇ. ಬೀಗದ ಹಿಂದೆ ಇರುವ ಮನುಷ್ಯನ ರಕ್ಷಣೆ, ಬೀಗ ಹಾಕುವವನ ಒಳ್ಳೆಯತನದ ಮೇಲೆ ನಿಲ್ಲಬಾರದು. ಇವತ್ತಿನ ಪಾಳಿಯವನು ಒಳ್ಳೆಯವನು, ನಾಳೆಯವನು ಹೇಗೋ ಗೊತ್ತಿಲ್ಲ. ಆಗ ಕೈದಿಗೆ ಬೇಕಾದದ್ದು ದೂರು ಕೊಡಲು ಒಂದು ಬಾಗಿಲು. ಆ ಬಾಗಿಲಿನ ಹಿಂದೆ ಅವನ ಮಾತು ಕೇಳಿ ಕ್ರಮ ಕೈಗೊಳ್ಳಬಲ್ಲ ಒಬ್ಬರು. ನಾರ್ವೆಯ ಕೈದಿಗೆ ಆ ಬಾಗಿಲು ಬೇರೆ ದೇಶದ ಬಾಗಿಲಾಗಿತ್ತು, ಬೇರೆ ಭಾಷೆಯಲ್ಲಿ ಬೋರ್ಡು ಬರೆದದ್ದು.

ಅಂದ ಹಾಗೆ, ಇದೇ ಓಂಬುಡ್ಸ್‌ಮನ್ ಕಚೇರಿ ನಾರ್ವೆಯೊಳಗಿನ ಜೈಲುಗಳನ್ನೂ ಬಿಡಲಿಲ್ಲ. 2019ರಲ್ಲಿ ಸಂಸತ್ತಿಗೆ ಕೊಟ್ಟ ವಿಶೇಷ ವರದಿಯಲ್ಲಿ, ಸಾಮಾನ್ಯ ದಿನಗಳಲ್ಲೇ ನಾಲ್ವರಲ್ಲಿ ಒಬ್ಬ ಕೈದಿ 16 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಸೆಲ್‌ನಲ್ಲಿ ಬೀಗದ ಹಿಂದೆ ಇರುತ್ತಾನೆ ಅಂತ ತೋರಿಸಿತು. ಸಿಬ್ಬಂದಿ ಸಾಲದಿದ್ದರೆ ಸೆಲ್ ತೆಗೆಯುವವರಿಲ್ಲ. ಕಟ್ಟಡವೂ ಅದಕ್ಕೆ ತಕ್ಕಂತೆ ಇರದಿದ್ದರೆ ಕೈದಿಗಳು ಒಟ್ಟಿಗೆ ಕೂರಲು ಜಾಗವಿಲ್ಲ. ತೋಟವಿದ್ದ, ಬಾಗಿಲು ತೆರೆದಿಟ್ಟ ನಾರ್ಗರ್‌ಹಾವನ್‌ಗೆ ಇಷ್ಟಪಟ್ಟು ಬಂದವರು ಯಾಕೆ ಬಂದರು ಅನ್ನುವುದಕ್ಕೆ ಇಲ್ಲೂ ಸ್ವಲ್ಪ ಉತ್ತರವಿದೆ.

ಕೀಲಿಕೈ ವಾಪಸ್

ಒಪ್ಪಂದವನ್ನು ಮುಂದುವರಿಸುವ ಅವಕಾಶವಿದ್ದರೂ ನಾರ್ವೆ ಬಳಸಿಕೊಳ್ಳಲಿಲ್ಲ. 2018ರ ಹೊತ್ತಿಗೆ ಕ್ಯೂ ಬಹುಮಟ್ಟಿಗೆ ಕರಗಿತ್ತು. ಅದಕ್ಕೆ ನಾರ್ಗರ್‌ಹಾವನ್ ಒಂದೇ ಕಾರಣವಲ್ಲ. ಕಾಲಿನ ಪಟ್ಟಿಯ ಮನೆಶಿಕ್ಷೆ ದೇಶವಿಡೀ ಹರಡಿತ್ತು. 'ಮಾಡೆಲ್ 2015' ಎಂಬ ಒಂದೇ ನಕ್ಷೆಯ ಕಟ್ಟಡಗಳು ಉಲ್ಲೆರ್ಸ್ಮು, ಐಡ್ಸ್‌ಬರ್ಗ್ ಜೈಲುಗಳಲ್ಲಿ ಎದ್ದವು. 2020ರಲ್ಲಿ ಆಗ್ಡರ್‌ನಲ್ಲಿ 300 ಜಾಗದ ಹೊಸ ಜೈಲು ಅದೇ ನಕ್ಷೆಯಲ್ಲಿ ತೆರೆಯಿತು. ಮುಂದೆ ಕೈದಿಗಳ ಸಂಖ್ಯೆ ಇಳಿದು, ನಾರ್ವೆ ತನ್ನ ಕೆಲವು ಸಣ್ಣ ಘಟಕಗಳನ್ನು ಮುಚ್ಚಿತು. ಹೀಗೆ ಮುಚ್ಚಿದಾಗ ಕೈದಿಯನ್ನು ಮನೆಯ ಹತ್ತಿರ ಇಡುವ ನಿಯಮಕ್ಕೂ ಪೆಟ್ಟು ಬೀಳುತ್ತದೆ. ಆ ಬಗ್ಗೆ ಚರ್ಚೆ ಆಗಬೇಕಾದಷ್ಟು ಆಗಲಿಲ್ಲ ಅಂತ ನನಗನ್ನಿಸುತ್ತದೆ.

ಹಾಗಾದರೆ ಈ ಬಾಡಿಗೆ ತಪ್ಪಾಗಿತ್ತೇ? ಪೂರ್ತಿ ತಪ್ಪು ಅನ್ನಲಾರೆ. ಆ ಮೂರು ವರ್ಷ ಓಸ್ಲೊದ ಲಾಕಪ್‌ನಲ್ಲಿ ಒಂಟಿಯಾಗಿ ಕೊಳೆಯಬೇಕಿದ್ದ ಕೆಲವರಿಗೆ ಜೈಲಿನಲ್ಲಿ ಜಾಗ ಸಿಕ್ಕಿದ್ದರೆ, ಅದಕ್ಕೆ ಡ್ರೆಂಟೆಯ ಆ 242 ಸೆಲ್‌ಗಳ ಪಾಲೂ ಇದೆ. ಇಷ್ಟಪಟ್ಟವರನ್ನು ಮಾತ್ರ ಕಳಿಸಿದ್ದರೆ, ತನಿಖೆಯ ಅಧಿಕಾರದ ಪ್ರಶ್ನೆಯನ್ನು ಸಹಿಗೆ ಮುಂಚೆಯೇ ಬಿಡಿಸಿಕೊಂಡಿದ್ದರೆ, ನನ್ನ ಮಾತು ಇನ್ನೂ ಮೆದುವಾಗಿರುತ್ತಿತ್ತು. ಎರಡೂ ಆಗಲಿಲ್ಲ.

ಈ ದಾರಿಯಲ್ಲಿ ಈಗ ಬೇರೆಯವರು ನಡೆಯುತ್ತಿದ್ದಾರೆ. ಡೆನ್ಮಾರ್ಕ್ 2022ರಲ್ಲಿ ಕೊಸೊವೊ ಜೊತೆ ಒಪ್ಪಂದ ಮಾಡಿಕೊಂಡಿತು. ಗಿಲಾನ್ ಜೈಲಿನಲ್ಲಿ 300 ಜಾಗ, ಹತ್ತು ವರ್ಷಕ್ಕೆ, ಶಿಕ್ಷೆಯ ನಂತರ ಗಡೀಪಾರಾಗಬೇಕಾದ ವಿದೇಶಿಯರಿಗಾಗಿ. 2024ರಲ್ಲಿ ಕೊಸೊವೊ ಸಂಸತ್ತು ಅದಕ್ಕೆ ಒಪ್ಪಿಗೆ ಕೊಟ್ಟಿತು. 2025ರ ಜೂನ್‌ನಲ್ಲಿ ಸ್ವೀಡನ್ ಮತ್ತು ಎಸ್ಟೋನಿಯಾ ಟಾರ್ಟು ಜೈಲಿಗಾಗಿ ಸಹಿ ಹಾಕಿದವು, 600 ಕೈದಿಗಳವರೆಗೆ. ಡೆನ್ಮಾರ್ಕ್‌ನ ಮಾದರಿಯಲ್ಲಿ ಕಳಿಸುವುದು ಗಡೀಪಾರಾಗುವವರನ್ನು ಮಾತ್ರ. ಅವರು ವಾಪಸ್ ಬಂದು ಸೇರಬೇಕಾದ ಊರು ಡೆನ್ಮಾರ್ಕ್‌ನಲ್ಲಿ ಇಲ್ಲ ಅನ್ನುವ ಲೆಕ್ಕಾಚಾರ. ಅವರಿಗೂ ಎಲ್ಲೋ ಒಂದು ಊರು ಇದ್ದೇ ಇರುತ್ತದೆ. ದೂರು ಕೊಡುವ ಬಾಗಿಲೂ ಅವರಿಗೆ ಅಷ್ಟೇ ಬೇಕು.

ಇತ್ತ ನಾರ್ಗರ್‌ಹಾವನ್ ಮತ್ತೆ ಡಿಜೆಐ ಕೈಗೆ ಹೋಯಿತು. ಕೆಲವೇ ವರ್ಷಗಳಲ್ಲಿ ನೆದರ್ಲ್ಯಾಂಡ್ಸ್‌ನಲ್ಲೇ ಜಾಗ ಸಾಲದಾಯಿತು. ಮುಚ್ಚಿದ ಜೈಲುಗಳು ಮುಚ್ಚಿಹೋಗಿದ್ದವು. ಇರುವ ಜೈಲುಗಳಿಗೆ ಬೇಕಾದಷ್ಟು ಸಿಬ್ಬಂದಿ ಸಿಗುತ್ತಿರಲಿಲ್ಲ. 2023ರ ಕೊನೆಯ ಹೊತ್ತಿಗೆ ಡಿಜೆಐ, ಶಿಕ್ಷೆಯಾಗಿ ಮನೆಯಲ್ಲಿದ್ದು ತಾವಾಗಿ ಜೈಲಿಗೆ ಹಾಜರಾಗಬೇಕಾದವರಿಗೆ ಕರೆಪತ್ರ ಕಳಿಸುವುದನ್ನೇ ನಿಲ್ಲಿಸಿತು. ಹತ್ತು ವರ್ಷದ ಹಿಂದೆ ನಾರ್ವೆಯ ಜನ ಕಾಯುತ್ತಿದ್ದ ಹಾಗೆ ಈಗ ಸಾವಿರಾರು ಡಚ್ಚರು ಮನೆಯಲ್ಲಿ ಕೂತು ಆ ಪತ್ರಕ್ಕೆ ಕಾಯತೊಡಗಿದರು.